ಎರಡು ಫೈಲ್ ಒಂದೇನಾ? ಒಂದು ಟೂಲ್ ‘ಹೌದು’ ಅಂದ್ರೆ ಇನ್ನೊಂದು ‘ಅಲ್ಲ’ ಅನ್ನೋದು ಯಾಕೆ

ನಮ್ಮಲ್ಲಿ ಯಾರ ಲ್ಯಾಪ್‌ಟಾಪ್ ತೆರೆದರೂ ಈ ಫೋಲ್ಡರ್‌ಗಳು ಸಿಗುತ್ತವೆ: ‘ಪ್ರಾಜೆಕ್ಟ್’, ‘ಪ್ರಾಜೆಕ್ಟ್ ಫೈನಲ್’, ‘ಪ್ರಾಜೆಕ್ಟ್ ಫೈನಲ್ 2’, ‘ಇದೇ ಫೈನಲ್’. ಇದರದ್ದೇ ಇನ್ನೊಂದು ಕಾಪಿ ಪೆನ್‌ಡ್ರೈವ್‌ನಲ್ಲಿ, ಮತ್ತೊಂದು ಲ್ಯಾಬ್ ಸಿಸ್ಟಮ್‌ನಲ್ಲಿ, ಮಗದೊಂದು ಟೀಮ್‌ಮೇಟ್ ಹತ್ತಿರ. ಸಬ್‌ಮಿಷನ್ ಹತ್ತಿರ ಬಂದಾಗ ಒಂದೇ ಪ್ರಶ್ನೆ ಉಳಿಯುತ್ತೆ: ಯಾವುದನ್ನು ಇಟ್ಟುಕೊಳ್ಳೋದು, ಯಾವುದನ್ನು ಡಿಲೀಟ್ ಮಾಡೋದು?

ಆಗ ನಾವು ಫೋಲ್ಡರ್ ಹೋಲಿಸುವ ಸಾಫ್ಟ್‌ವೇರ್ ಮೊರೆ ಹೋಗ್ತೀವಿ. ಒಂದು ಟೂಲ್ ‘ಎಲ್ಲಾ ಫೈಲ್ ಒಂದೇ’ ಅನ್ನುತ್ತೆ. ಇನ್ನೊಂದು ‘ನಲವತ್ತು ಫೈಲ್ ಬೇರೆ’ ಅನ್ನುತ್ತೆ. ಎರಡರಲ್ಲಿ ಒಂದಕ್ಕೆ ಬಗ್ ಇದೆ ಅಂತ ಅನ್ನಿಸೋದು ಸಹಜ. ಆದರೆ ಹೆಚ್ಚಿನ ಸಲ ಎರಡೂ ಸರಿಯಾಗೇ ಕೆಲಸ ಮಾಡಿರುತ್ತವೆ. ನಾವು ಕೇಳಿದ ಪ್ರಶ್ನೆ ಒಂದೇ ಆದರೂ ಅವು ಉತ್ತರಿಸಿದ ಪ್ರಶ್ನೆ ಬೇರೆ ಬೇರೆ. ಇದು ಗೊತ್ತಿಲ್ಲದೆ ಡಿಲೀಟ್ ಬಟನ್ ಒತ್ತಿದರೆ ಒಂದು ಸೆಮಿಸ್ಟರ್‌ನ ಕೆಲಸ ಹೋಗಬಹುದು. ಅದಕ್ಕೇ ಈ ಲೇಖನದಲ್ಲಿ ‘ಒಂದೇ’ ಅನ್ನೋ ಪದವನ್ನು ಸ್ವಲ್ಪ ಬಿಡಿಸಿ ನೋಡೋಣ.

ಹೋಲಿಸೋದು ಅಂದ್ರೆ ಏನನ್ನು?

ಎರಡು ಫೈಲ್ ಹೋಲಿಸುವುದಕ್ಕೆ ನಾಲ್ಕು ಹಂತಗಳಿವೆ ಅಂತ ಇಟ್ಟುಕೊಳ್ಳಬಹುದು.

1. ಹೆಸರು ಒಂದೇನಾ?
2. ಗಾತ್ರ ಮತ್ತು ಕೊನೆಯದಾಗಿ ಬದಲಾದ ಸಮಯ ಒಂದೇನಾ?
3. ಒಳಗಿನ ಪ್ರತಿಯೊಂದು ಬೈಟ್ ಒಂದೇನಾ?
4. ಅರ್ಥ ಒಂದೇನಾ? ಅಂದರೆ ಬೈಟ್ ಬೇರೆ ಇದ್ದರೂ ಓದುವವರಿಗೆ ವಿಷಯ ಅದೇನಾ?

ಎರಡನೇ ಹಂತ ತುಂಬಾ ವೇಗ. ಫೈಲ್ ತೆರೆಯುವ ಅಗತ್ಯವೇ ಇಲ್ಲ, ಫೈಲ್ ಸಿಸ್ಟಮ್ ಬರೆದಿಟ್ಟ ಮಾಹಿತಿ ಓದಿದರೆ ಸಾಕು. ಮೂರನೆಯದಕ್ಕೆ ಎರಡೂ ಫೈಲ್‌ಗಳನ್ನು ಡಿಸ್ಕ್‌ನಿಂದ ಪೂರ್ತಿ ಓದಬೇಕು. 50 ಜಿಬಿ ಫೋಲ್ಡರ್ ಇದ್ದರೆ ಎಷ್ಟು ಹೊತ್ತು ಹಿಡಿಯುತ್ತೆ ಅಂತ ಊಹಿಸಿಕೊಳ್ಳಿ. ಅದಕ್ಕೇ ಹೆಚ್ಚಿನ ಸಾಫ್ಟ್‌ವೇರ್‌ಗಳು ನಾವು ಏನೂ ಹೇಳದಿದ್ದರೆ ಎರಡನೇ ಹಂತವನ್ನೇ ಆರಿಸಿಕೊಳ್ಳುತ್ತವೆ.

ಉದಾಹರಣೆಗೆ ಆರ್‌ಸಿಂಕ್ ತಗೊಳ್ಳಿ. ಅದು ಸುಮ್ಮನೆ ಓಡಿಸಿದರೆ ಗಾತ್ರ ಮತ್ತು ಸಮಯ ಮಾತ್ರ ನೋಡುತ್ತೆ. ಒಳಗಿನ ವಿಷಯ ನೋಡಬೇಕಾದರೆ ‘ಚೆಕ್‌ಸಮ್’ ಆಯ್ಕೆ ಕೊಡಬೇಕು. ಮಿಡ್‌ನೈಟ್ ಕಮಾಂಡರ್‌ನಲ್ಲಿ ಎರಡು ಫೋಲ್ಡರ್ ಹೋಲಿಸಲು ಹೇಳಿದರೆ ‘ಕ್ವಿಕ್’, ‘ಸೈಜ್ ಓನ್ಲಿ’, ‘ಥರೋ’ ಅಂತ ಮೂರು ಆಯ್ಕೆ ಕೇಳುತ್ತೆ. ಮೂರಕ್ಕೂ ಮೂರು ಉತ್ತರ ಬರಬಹುದು. ವಿನ್‌ಮರ್ಜ್‌ನಲ್ಲಂತೂ ಪೂರ್ತಿ ವಿಷಯ, ಬೈನರಿ ವಿಷಯ, ದಿನಾಂಕ, ದಿನಾಂಕ ಮತ್ತು ಗಾತ್ರ, ಬರೀ ಗಾತ್ರ ಅಂತ ಬೇರೆ ಬೇರೆ ವಿಧಾನಗಳೇ ಇವೆ. ಟೋಟಲ್ ಕಮಾಂಡರ್‌ನ ಫೋಲ್ಡರ್ ಸಿಂಕ್ ಕಿಟಕಿಯಲ್ಲಿ ‘ಬೈ ಕಂಟೆಂಟ್’, ‘ಇಗ್ನೋರ್ ಡೇಟ್’ ಅಂತ ಎರಡು ಟಿಕ್ ಬಾಕ್ಸ್ ಇವೆ. ನಾವು ನೋಡದೇ ಬಿಡುವ ಈ ಚಿಕ್ಕ ಬಾಕ್ಸ್‌ಗಳೇ ಉತ್ತರವನ್ನು ಬದಲಿಸೋದು.

ಬೆಸ ಸೆಕೆಂಡ್ ಗೊತ್ತಿಲ್ಲದ ಪೆನ್‌ಡ್ರೈವ್

ಈಗ ತುಂಬಾ ಸಾಮಾನ್ಯವಾದ ಸಮಸ್ಯೆ ನೋಡೋಣ. ಲ್ಯಾಪ್‌ಟಾಪ್‌ನಿಂದ ಪೆನ್‌ಡ್ರೈವ್‌ಗೆ ಈಗಷ್ಟೇ ಕಾಪಿ ಮಾಡಿದ್ದೀವಿ. ಯಾರೂ ಏನೂ ಮುಟ್ಟಿಲ್ಲ. ಆದರೂ ಟೂಲ್ ‘ಪೆನ್‌ಡ್ರೈವ್‌ನ ಕಾಪಿ ಹೊಸದು’ ಅನ್ನುತ್ತೆ. ಹೇಗೆ?

ಹಲವು ಪೆನ್‌ಡ್ರೈವ್‌ಗಳಲ್ಲಿ ಇರೋದು ಫ್ಯಾಟ್32 ಫೈಲ್ ಸಿಸ್ಟಮ್. ಇದರಲ್ಲಿ ಫೈಲ್ ಬದಲಾದ ಸಮಯಕ್ಕೆ ಕೊಟ್ಟಿರೋದು ಬರೀ 16 ಬಿಟ್. ಅದರಲ್ಲಿ ಗಂಟೆಗೆ 5 ಬಿಟ್, ನಿಮಿಷಕ್ಕೆ 6 ಬಿಟ್, ಉಳಿದ 5 ಬಿಟ್ ಸೆಕೆಂಡ್‌ಗೆ. 5 ಬಿಟ್‌ನಲ್ಲಿ 32 ಬೆಲೆಗಳು ಮಾತ್ರ ಸಾಧ್ಯ, ಆದರೆ ಸೆಕೆಂಡ್‌ಗಳು 60. ಹಾಗಾಗಿ ಸೆಕೆಂಡನ್ನು ಎರಡರಿಂದ ಭಾಗಿಸಿ 0ರಿಂದ 29ರವರೆಗೆ ಬರೆದಿಡುತ್ತಾರೆ. ಪರಿಣಾಮ ಏನಂದ್ರೆ ಫ್ಯಾಟ್‌ನಲ್ಲಿ ಬೆಸ ಸೆಕೆಂಡ್ ಅನ್ನೋದೇ ಇಲ್ಲ. ದಿನಾಂಕಕ್ಕೂ 16 ಬಿಟ್: ವರ್ಷಕ್ಕೆ 7, ತಿಂಗಳಿಗೆ 4, ದಿನಕ್ಕೆ 5. ವರ್ಷ 1980ರಿಂದ ಶುರುವಾಗುತ್ತೆ, 7 ಬಿಟ್ ಇರೋದರಿಂದ 2107ಕ್ಕೆ ಮುಗಿಯುತ್ತೆ. ಡಿಜಿಟಲ್ ಲಾಜಿಕ್ ಕ್ಲಾಸ್‌ನಲ್ಲಿ ಬಿಟ್ ಎಣಿಸಿದ್ದು ಎಲ್ಲಿ ಉಪಯೋಗಕ್ಕೆ ಬರುತ್ತೆ ಅಂತ ಕೇಳಿದರೆ, ಇಲ್ಲೇ!

ಲ್ಯಾಪ್‌ಟಾಪ್‌ನ ಎನ್‌ಟಿಎಫ್‌ಎಸ್ ಮಾತ್ರ ಸಮಯವನ್ನು 100 ನ್ಯಾನೋಸೆಕೆಂಡ್ ಲೆಕ್ಕದಲ್ಲಿ ಇಡುತ್ತೆ. ಒಂದು ಫೈಲ್ 10:15:07.4ಕ್ಕೆ ಸೇವ್ ಆಗಿದೆ ಅಂತಿಟ್ಟುಕೊಳ್ಳಿ. ವಿಂಡೋಸ್ ಅದನ್ನು ಫ್ಯಾಟ್‌ಗೆ ಕಾಪಿ ಮಾಡುವಾಗ ಮೇಲಿನ ಸರಿ ಸೆಕೆಂಡಿಗೆ ಏರಿಸಿ 10:15:08 ಅಂತ ಬರೆಯುತ್ತೆ. ಈಗ ಕಾಪಿ ಮೂಲಕ್ಕಿಂತ 0.6 ಸೆಕೆಂಡ್ ‘ಹೊಸದು’! ಸಮಯವನ್ನು ಕಟ್ಟುನಿಟ್ಟಾಗಿ ನೋಡುವ ಟೂಲ್ ಇದನ್ನು ವ್ಯತ್ಯಾಸ ಅನ್ನುತ್ತೆ, ಎರಡು ಸೆಕೆಂಡ್ ವಿನಾಯಿತಿ ಕೊಡುವ ಟೂಲ್ ‘ಒಂದೇ’ ಅನ್ನುತ್ತೆ.

ಟೂಲ್ ಬರೆದವರಿಗೆ ಇದು ಗೊತ್ತು. ಆದ್ದರಿಂದಲೇ ರೋಬೋಕಾಪಿಯಲ್ಲಿ ‘ಎಫ್‌ಎಫ್‌ಟಿ’ ಅನ್ನೋ ಆಯ್ಕೆ ಇದೆ, ಅದನ್ನು ಕೊಟ್ಟರೆ ಎರಡು ಸೆಕೆಂಡ್ ಲೆಕ್ಕದಲ್ಲಿ ಹೋಲಿಸುತ್ತೆ. ಆರ್‌ಸಿಂಕ್‌ನಲ್ಲಿ ಅದೇ ಕೆಲಸಕ್ಕೆ ‘ಮಾಡಿಫೈ ವಿಂಡೋ’ ಇದೆ, ಅದಕ್ಕೆ 1 ಅಂತ ಕೊಟ್ಟರೆ ಒಂದು ಸೆಕೆಂಡ್ ಆಚೀಚೆ ಇದ್ದರೆ ಬಿಟ್ಟುಬಿಡುತ್ತೆ.

ಐದೂವರೆ ಗಂಟೆಯ ಆಟ

ಎರಡು ಸೆಕೆಂಡ್ ವ್ಯತ್ಯಾಸದಿಂದ ಕಿರಿಕಿರಿ ಅಷ್ಟೇ. ಕೆಲಸ ಹಾಳಾಗೋದು ಟೈಮ್‌ಝೋನ್‌ನಿಂದ.

ಎನ್‌ಟಿಎಫ್‌ಎಸ್ ಮತ್ತು ಲಿನಕ್ಸ್‌ನ ಫೈಲ್ ಸಿಸ್ಟಮ್‌ಗಳು ಸಮಯವನ್ನು ಯುಟಿಸಿಯಲ್ಲಿ ಇಡುತ್ತವೆ. ತೋರಿಸುವಾಗ ಮಾತ್ರ ನಮ್ಮ ಐದೂವರೆ ಗಂಟೆ ಸೇರಿಸುತ್ತವೆ. ಫ್ಯಾಟ್ ಹಾಗಲ್ಲ. ಆ ಸಿಸ್ಟಮ್‌ನ ಗಡಿಯಾರದಲ್ಲಿ ಎಷ್ಟು ಕಾಣುತ್ತೋ ಅಷ್ಟನ್ನೇ ಬರೆದಿಡುತ್ತೆ, ಯಾವ ದೇಶದ ಸಮಯ ಅಂತ ಎಲ್ಲೂ ಬರೆಯಲ್ಲ.

ಒಂದು ಟೀಮ್‌ನ ಕಥೆ ಊಹಿಸಿಕೊಳ್ಳೋಣ. ಬೆಳಿಗ್ಗೆ 10:15ಕ್ಕೆ ಹಾಸ್ಟೆಲ್‌ನಲ್ಲಿ ಲ್ಯಾಪ್‌ಟಾಪ್‌ನಲ್ಲಿ ಕೋಡ್ ಸೇವ್ ಮಾಡಿದರು, ಪೆನ್‌ಡ್ರೈವ್‌ಗೆ ಹಾಕಿಕೊಂಡು ಲ್ಯಾಬ್‌ಗೆ ಬಂದರು. ಲ್ಯಾಬ್ ಸಿಸ್ಟಮ್‌ನ ಟೈಮ್‌ಝೋನ್ ಯಾರೂ ಸೆಟ್ ಮಾಡದೆ ಯುಟಿಸಿಯಲ್ಲೇ ಉಳಿದಿದೆ. ಮಧ್ಯಾಹ್ನ 3:30ಕ್ಕೆ ಪೆನ್‌ಡ್ರೈವ್‌ನಲ್ಲೇ ಕೋಡ್ ತಿದ್ದಿ ಸೇವ್ ಮಾಡಿದರು. ಆ ಸಿಸ್ಟಮ್‌ನ ಪ್ರಕಾರ ಆಗ ಗಂಟೆ 10:00. ಫ್ಯಾಟ್ ಅದನ್ನೇ ಬರೆದುಕೊಂಡಿತು.

ರಾತ್ರಿ ಹಾಸ್ಟೆಲ್‌ಗೆ ಬಂದು ‘ಹೊಸದನ್ನು ಉಳಿಸು’ ಅಂತ ಸಿಂಕ್ ಮಾಡಿದರೆ? ಲ್ಯಾಪ್‌ಟಾಪ್‌ನ ಫೈಲ್ 10:15, ಪೆನ್‌ಡ್ರೈವ್‌ನ ಫೈಲ್ 10:00. ಟೂಲ್ ಪ್ರಕಾರ ಲ್ಯಾಪ್‌ಟಾಪ್‌ನದೇ ಹೊಸದು. ಬೆಳಗಿನ ಕೋಡ್ ಹೋಗಿ ಮಧ್ಯಾಹ್ನದ ಕೋಡ್ ಮೇಲೆ ಕೂರುತ್ತೆ. ಮೂರು ಗಂಟೆ ಕೂತು ಸರಿ ಮಾಡಿದ ಬಗ್ ಮತ್ತೆ ವಾಪಸ್! ಟೂಲ್ ಎಲ್ಲೂ ತಪ್ಪು ಮಾಡಲಿಲ್ಲ, ಎರರ್ ಮೆಸೇಜ್ ಕೂಡ ಬರಲಿಲ್ಲ. ಹೋಲಿಕೆಗೆ ಆಧಾರವಾಗಿ ಕೊಟ್ಟ ಸಂಖ್ಯೆಯೇ ತಪ್ಪಾಗಿತ್ತು.

ಒಂದು ಸುಳಿವು ನೆನಪಿಟ್ಟುಕೊಳ್ಳಿ: ಎರಡು ಕಾಪಿಗಳ ಸಮಯದಲ್ಲಿ ಸರಿಯಾಗಿ 5 ಗಂಟೆ 30 ನಿಮಿಷ ವ್ಯತ್ಯಾಸ ಕಂಡರೆ ಅದು ಎಡಿಟ್ ಆಗಿರೋದಲ್ಲ, ಟೈಮ್‌ಝೋನ್ ಆಟ.

ಮಾಡಿಫೈಡ್ ಡೇಟ್ ಬರೆಯೋರು ಯಾರು?

ಇನ್ನೊಂದು ವಿಷಯ. ಆ ದಿನಾಂಕ ಕಾಪಿ ಮಾಡುವಾಗ ಉಳಿಯುತ್ತಾ ಇಲ್ವಾ ಅನ್ನೋದು ಕಾಪಿ ಮಾಡಿದ ವಿಧಾನದ ಮೇಲೆ ಹೋಗುತ್ತೆ.

ವಿಂಡೋಸ್ ಎಕ್ಸ್‌ಪ್ಲೋರರ್‌ನಲ್ಲಿ ಕಾಪಿ ಪೇಸ್ಟ್ ಮಾಡಿದರೆ ಮಾಡಿಫೈಡ್ ಡೇಟ್ ಹಳೆಯದೇ ಉಳಿಯುತ್ತೆ, ಆದರೆ ಕ್ರಿಯೇಟೆಡ್ ಡೇಟ್ ಹೊಸದಾಗುತ್ತೆ. ಹಾಗಾಗಿ ಫೈಲ್ ‘ಹುಟ್ಟುವ ಮೊದಲೇ ಬದಲಾಗಿದೆ’ ಅಂತ ತೋರಿಸೋದು ತಮಾಷೆ ಅನ್ನಿಸಿದರೂ ಸರಿಯೇ. ಲಿನಕ್ಸ್ ಟರ್ಮಿನಲ್‌ನಲ್ಲಿ ‘ಸಿಪಿ’ ಕಮಾಂಡ್ ಸುಮ್ಮನೆ ಕೊಟ್ಟರೆ ಕಾಪಿಗೆ ಈಗಿನ ಸಮಯ ಬೀಳುತ್ತೆ. ಹಳೆಯದು ಬೇಕಾದರೆ ‘ಪಿ’ ಆಯ್ಕೆ ಕೊಡಬೇಕು. ಗಿಟ್ ಅಂತೂ ಫೈಲ್‌ನ ಮಾಡಿಫೈಡ್ ಡೇಟ್ ಇಟ್ಟುಕೊಳ್ಳೋದೇ ಇಲ್ಲ, ಕ್ಲೋನ್ ಮಾಡಿದಾಗ ಎಲ್ಲಾ ಫೈಲ್‌ಗಳಿಗೂ ಆ ಕ್ಷಣದ ಸಮಯ. ಜಿಪ್ ಫೈಲ್‌ನ ಹಳೆಯ ಹೆಡರ್‌ನಲ್ಲಿ ಮತ್ತೆ ಅದೇ ಎರಡು ಸೆಕೆಂಡ್ ಲೆಕ್ಕದ ಡಾಸ್ ಸಮಯ.

ಅಂದರೆ ಒಂದೇ ಫೈಲ್ ನಾಲ್ಕು ದಾರಿಯಲ್ಲಿ ಬಂದರೆ ನಾಲ್ಕು ದಿನಾಂಕ ಹೊತ್ತುಕೊಂಡು ಬರಬಹುದು. ದಿನಾಂಕ ನೋಡಿ ‘ಒಂದೇನಾ’ ಅಂತ ಕೇಳೋದು, ಬಸ್ ಟಿಕೆಟ್ ನೋಡಿ ಮನುಷ್ಯ ಯಾರು ಅಂತ ಹೇಳೋ ಹಾಗೆ.

ಕಣ್ಣಿಗೆ ಒಂದೇ, ಬೈಟ್ ಲೆಕ್ಕಕ್ಕೆ ಬೇರೆ

ಸರಿ, ದಿನಾಂಕ ನಂಬೋದು ಬೇಡ, ಒಳಗಿನ ವಿಷಯವನ್ನೇ ಹೋಲಿಸೋಣ ಅಂದ್ರೆ ಅಲ್ಲಿ ಬೇರೆ ತರಹದ ಗೊಂದಲ ಇದೆ.

‘ನಮಸ್ಕಾರ’ ಅನ್ನೋ ಒಂದೇ ಪದ ಇರುವ ಫೈಲ್ ಮಾಡೋಣ. ಯೂನಿಕೋಡ್‌ನಲ್ಲಿ ಇದು 7 ಸಂಕೇತ: ನ, ಮ, ಸ, ಅರ್ಧಾಕ್ಷರದ ಚಿಹ್ನೆ, ಕ, ದೀರ್ಘದ ಚಿಹ್ನೆ, ರ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್. ಒಟ್ಟು 21 ಬೈಟ್.

- ಲಿನಕ್ಸ್ ಶೈಲಿಯಲ್ಲಿ ಸಾಲು ಮುಗಿಸಿದರೆ ಒಂದು ಬೈಟ್ ಹೆಚ್ಚು: 22.
- ವಿಂಡೋಸ್ ಶೈಲಿಯಲ್ಲಿ ಸಾಲು ಮುಗಿಸಿದರೆ ಎರಡು ಬೈಟ್ ಹೆಚ್ಚು: 23.
- ಎಡಿಟರ್ ಫೈಲ್‌ನ ಶುರುವಿಗೆ ‘ಬಿಓಎಂ’ ಅನ್ನೋ 3 ಬೈಟ್‌ನ ಗುರುತು ಹಾಕಿದರೆ: 26.

ನಾಲ್ಕನ್ನೂ ತೆರೆದು ನೋಡಿ, ಸ್ಕ್ರೀನ್ ಮೇಲೆ ಕಾಣೋದು ಅದೇ ‘ನಮಸ್ಕಾರ’. ಬೈನರಿ ಹೋಲಿಕೆ ‘ನಾಲ್ಕೂ ಬೇರೆ’ ಅನ್ನುತ್ತೆ. ಸಾಲಿನ ಕೊನೆಯನ್ನು ಲೆಕ್ಕಕ್ಕೆ ತಗೊಳ್ಳಬೇಡ ಅಂತ ಸೆಟ್ ಮಾಡಿದ ವಿನ್‌ಮರ್ಜ್ 22 ಮತ್ತು 23 ಬೈಟ್‌ನ ಫೈಲ್‌ಗಳನ್ನು ‘ಒಂದೇ’ ಅನ್ನುತ್ತೆ. ವಿಂಡೋಸ್‌ನಲ್ಲಿ ಗಿಟ್ ಸಾಲಿನ ಕೊನೆಯನ್ನು ತಾನಾಗಿಯೇ ಬದಲಿಸುವ ಹಾಗೆ ಸೆಟ್ ಆಗಿದ್ದರೆ, 300 ಸಾಲಿನ ಕೋಡ್ 300 ಬೈಟ್ ದಪ್ಪ ಆಗುತ್ತೆ, ಒಂದಕ್ಷರವನ್ನೂ ಯಾರೂ ಬದಲಿಸದೆ.

ವರ್ಡ್ ಫೈಲ್‌ಗಳದ್ದು ಇನ್ನೊಂದು ಕಥೆ. ಡಾಕ್ಸ್ ಫೈಲ್ ಅಂದ್ರೆ ನಿಜಕ್ಕೂ ಒಂದು ಜಿಪ್. ಅದರೊಳಗೆ ಕೊನೆಗೆ ಯಾರು, ಯಾವಾಗ ಸೇವ್ ಮಾಡಿದರು ಅನ್ನೋದೂ ಇರುತ್ತೆ. ಏನೂ ಟೈಪ್ ಮಾಡದೆ ಮತ್ತೆ ಸೇವ್ ಮಾಡಿದರೂ ಬೈಟ್‌ಗಳು ಬದಲಾಗಬಹುದು. ಒಂದೇ ರಿಪೋರ್ಟನ್ನು ಎರಡು ಸಲ ಪಿಡಿಎಫ್ ಮಾಡಿದರೂ ಒಳಗೆ ತಯಾರಾದ ಸಮಯ ಬೇರೆ. ವಿಂಡೋಸ್‌ನ ಎಕ್ಸಿಕ್ಯೂಟಬಲ್ ಫೈಲ್‌ನ ಹೆಡರ್‌ನಲ್ಲಿ ಟೈಮ್‌ಸ್ಟಾಂಪ್‌ಗೆ ಜಾಗ ಇರೋದರಿಂದ ಅದೇ ಕೋಡನ್ನು ಎರಡು ಸಲ ಕಂಪೈಲ್ ಮಾಡಿದರೂ ಎರಡು ಬೇರೆ ಫೈಲ್ ಬರಬಹುದು. ಇಲ್ಲೆಲ್ಲಾ ಮೂರನೇ ಹಂತದ ಉತ್ತರ ‘ಬೇರೆ’, ನಾಲ್ಕನೇ ಹಂತದ ಉತ್ತರ ‘ಒಂದೇ’.

ಕನ್ನಡದಲ್ಲಿ ಹೆಸರಿಟ್ಟರೆ

ಇದು ನಮ್ಮ ಸಂಘದವರಿಗೆ ಹೆಚ್ಚು ಬೇಕಾದ ಭಾಗ, ಯಾಕಂದ್ರೆ ಲೇಖನಗಳ ಫೈಲ್‌ಗೆ ನಾವು ಕನ್ನಡದಲ್ಲೇ ಹೆಸರಿಡ್ತೀವಿ.

‘ನೋಟ್ಸ್’ ಅನ್ನೋ ಹೆಸರು ನೋಡಿ. ‘ನೋ’ದಲ್ಲಿರುವ ಓಕಾರದ ಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಎರಡು ರೀತಿ ಬರೆಯಬಹುದು. ಒಂದೇ ಸಂಕೇತವಾಗಿ ಬರೆಯಬಹುದು. ಅಥವಾ ಬಿಡಿಸಿ, ಎತ್ವ, ಕೊಂಬಿನ ಇಳಿ, ದೀರ್ಘ ಅಂತ ಮೂರು ಸಂಕೇತವಾಗಿಯೂ ಬರೆಯಬಹುದು. ಯೂನಿಕೋಡ್ ಪ್ರಕಾರ ಎರಡೂ ಸಮಾನ, ತೆರೆಯ ಮೇಲೂ ಒಂದೇ ತರಹ ಕಾಣಬೇಕು. ಆದರೆ ಕೂಡಿಸಿ ಬರೆದ ‘ನೋಟ್ಸ್’ 6 ಸಂಕೇತ, 18 ಬೈಟ್. ಬಿಡಿಸಿ ಬರೆದದ್ದು 8 ಸಂಕೇತ, 24 ಬೈಟ್.

ಲಿನಕ್ಸ್‌ನ ಇಎಕ್ಸ್‌ಟಿ4 ಸಾಮಾನ್ಯವಾಗಿ ಹೆಸರನ್ನು ಬರೀ ಬೈಟ್‌ಗಳ ಸಾಲು ಅಂತ ನೋಡುತ್ತೆ. ಹಾಗಾಗಿ ಒಂದೇ ಫೋಲ್ಡರ್‌ನಲ್ಲಿ ಎರಡು ‘ನೋಟ್ಸ್’ ಅಕ್ಕಪಕ್ಕ ಕೂರಬಹುದು! ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಹೆಸರುಗಳನ್ನು ಬಿಡಿಸಿದ ರೂಪಕ್ಕೆ ತಿರುಗಿಸಿಯೇ ಇಡುತ್ತಿತ್ತು. 2017ರಲ್ಲಿ ಮ್ಯಾಕ್‌ಗೆ ಬಂದ ಎಪಿಎಫ್‌ಎಸ್ ಕೊಟ್ಟ ರೂಪವನ್ನೇ ಇಟ್ಟುಕೊಳ್ಳುತ್ತೆ. ಹಳೆಯ ಮ್ಯಾಕ್‌ನಿಂದ ಬಂದ ಫೋಲ್ಡರನ್ನು ಲಿನಕ್ಸ್‌ನಲ್ಲಿ ಹೋಲಿಸಿದರೆ ಟೂಲ್ ‘ಈ ಫೈಲ್ ಅಲ್ಲಿಲ್ಲ, ಆ ಫೈಲ್ ಇಲ್ಲಿಲ್ಲ’ ಅನ್ನಬಹುದು. ನಮ್ಮ ಕಣ್ಣಿಗೆ ಎರಡೂ ಕಡೆ ಫೈಲ್ ಇದೆ.

ಇದರ ಜೊತೆಗೆ ಕಾಣದ ಅಕ್ಷರಗಳು. ಒತ್ತಕ್ಷರ ಆಗದಂತೆ ತಡೆಯಲು ಬಳಸುವ ಶೂನ್ಯ ಅಗಲದ ಸಂಕೇತ ಪದದ ಕೊನೆಯಲ್ಲಿ ಉಳಿದುಬಿಟ್ಟರೆ ಕಣ್ಣಿಗೆ ಕಾಣಲ್ಲ, 3 ಬೈಟ್ ಮಾತ್ರ ಹೆಚ್ಚಾಗಿರುತ್ತೆ. ಹಾಗೇ ನುಡಿಯ ಹಳೆಯ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿದ ಲೇಖನ ಮತ್ತು ಯೂನಿಕೋಡ್‌ಗೆ ಬದಲಿಸಿದ ಲೇಖನ ಪ್ರಿಂಟ್‌ನಲ್ಲಿ ಒಂದೇ ಇದ್ದರೂ, ಹೋಲಿಸುವ ಟೂಲ್‌ಗೆ ಒಂದು ಸಾಲೂ ತಾಳೆಯಾಗಲ್ಲ.

ಇಂಗ್ಲಿಷ್ ಹೆಸರುಗಳಲ್ಲಿ ಸಣ್ಣಕ್ಷರ ದೊಡ್ಡಕ್ಷರದ ತಲೆನೋವು ಇದೆ: ವಿಂಡೋಸ್ ಸಾಮಾನ್ಯವಾಗಿ ಎರಡನ್ನೂ ಒಂದೇ ಅನ್ನುತ್ತೆ, ಲಿನಕ್ಸ್ ಬೇರೆ ಅನ್ನುತ್ತೆ. ಕನ್ನಡದಲ್ಲಿ ಆ ತಲೆನೋವು ಇಲ್ಲ, ಅದರ ಬದಲು ಇದು!

ಒಂದೇ ಟೂಲ್, ಒಂದೇ ಫೈಲ್, ಆದರೂ ಎರಡು ಉತ್ತರ

ಕೆಲವು ಸಲ ಅದೇ ಟೂಲ್, ಅದೇ ಸೆಟ್ಟಿಂಗ್. ಮೊದಲ ಸಲ ‘ಒಂದೇ’, ಐದು ನಿಮಿಷ ಬಿಟ್ಟು ‘ಬೇರೆ’. ಇದನ್ನು ನಿರ್ಲಕ್ಷಿಸಬಾರದು.

ಕಾಪಿ ಮಾಡಿದ ಡೇಟಾ ಮೊದಲು ರ‍್ಯಾಮ್‌ನಲ್ಲಿರುವ ಕ್ಯಾಶ್‌ಗೆ ಹೋಗುತ್ತೆ, ಆಮೇಲೆ ನಿಧಾನವಾಗಿ ಪೆನ್‌ಡ್ರೈವ್‌ಗೆ. ಲಿನಕ್ಸ್‌ನಲ್ಲಿ ಇದು ಎದ್ದು ಕಾಣುತ್ತೆ. ಕಾಪಿ ಮುಗಿದ ತಕ್ಷಣ ಹೋಲಿಸಿದರೆ ಸಿಸ್ಟಮ್ ಆ ಕ್ಯಾಶ್‌ನಿಂದಲೇ ಓದಿ ಕೊಡಬಹುದು. ಪೆನ್‌ಡ್ರೈವ್‌ನಲ್ಲಿ ನಿಜಕ್ಕೂ ಏನಿದೆ ಅಂತ ಯಾರೂ ನೋಡಿರಲ್ಲ. ಇಜೆಕ್ಟ್ ಮಾಡದೆ ಎಳೆದರೆ ಅರ್ಧ ಬರೆದ ಫೈಲ್ ಉಳಿಯಬಹುದು. ಹಾಗಾಗಿ ನಿಜವಾದ ಪರೀಕ್ಷೆ ಅಂದ್ರೆ ಇಜೆಕ್ಟ್ ಮಾಡಿ, ತೆಗೆದು, ಮತ್ತೆ ಹಾಕಿ ಹೋಲಿಸೋದು.

ತೀರಾ ಕಡಿಮೆ ಬೆಲೆಗೆ ಸಿಗುವ ನಕಲಿ ಪೆನ್‌ಡ್ರೈವ್‌ಗಳು ಇದಕ್ಕಿಂತ ಅಪಾಯ. ಒಳಗಿರುವ ಚಿಪ್ ಚಿಕ್ಕದು, ಆದರೆ ‘ನಾನು 1 ಟಿಬಿ’ ಅಂತ ಸಿಸ್ಟಮ್‌ಗೆ ಸುಳ್ಳು ಹೇಳುತ್ತೆ. ನಿಜವಾದ ಜಾಗ ತುಂಬಿದ ಮೇಲೆ ಹೊಸ ಡೇಟಾ ಎಲ್ಲೋ ಕಳೆದುಹೋಗುತ್ತೆ ಅಥವಾ ಹಳೆಯದರ ಮೇಲೆ ಬರೆಯುತ್ತೆ. ಹೆಸರು ಸರಿ, ಗಾತ್ರ ಸರಿ, ದಿನಾಂಕ ಸರಿ, ಒಳಗೆ ಮಾತ್ರ ಕಸ. ಎರಡನೇ ಹಂತದ ಹೋಲಿಕೆ ಇದನ್ನು ಹಿಡಿಯೋಕೆ ಸಾಧ್ಯವೇ ಇಲ್ಲ.

ಹೋಲಿಸುವ ಹೊತ್ತಿನಲ್ಲೇ ಯಾವುದೋ ಪ್ರೋಗ್ರಾಂ ಫೈಲನ್ನು ಬರೆಯುತ್ತಿದ್ದರೂ ಉತ್ತರ ಬದಲಾಗುತ್ತೆ. ಲಾಗ್ ಫೈಲ್, ಡೇಟಾಬೇಸ್ ಫೈಲ್‌ಗಳಲ್ಲಿ ಇದು ಸಾಮಾನ್ಯ. ಇವೆಲ್ಲ ಇಲ್ಲದೆಯೂ ಉತ್ತರ ಬದಲಾಗ್ತಿದ್ದರೆ ಕೇಬಲ್, ಡಿಸ್ಕ್ ಅಥವಾ ರ‍್ಯಾಮ್ ಕೆಟ್ಟಿರಬಹುದು. ಮೊದಲು ಇನ್ನೊಂದು ಕಡೆ ಬ್ಯಾಕಪ್ ಮಾಡಿ, ಆಮೇಲೆ ತಲೆ ಕೆಡಿಸಿಕೊಳ್ಳಿ.

ಹ್ಯಾಶ್ ಎಷ್ಟು ನಂಬಬಹುದು?

ಒಬ್ಬರ ಫೈಲ್ ಮಂಗಳೂರಿನಲ್ಲಿ, ಇನ್ನೊಬ್ಬರದು ಕಲಬುರಗಿಯಲ್ಲಿ ಇದ್ದರೆ ಬೈಟ್ ಬೈಟ್ ಹೋಲಿಸೋದು ಕಷ್ಟ. ಆಗ ಹ್ಯಾಶ್ ಬಳಸ್ತೀವಿ. ಎಸ್‌ಎಚ್‌ಎ-256 ಎಷ್ಟೇ ದೊಡ್ಡ ಫೈಲ್ ಕೊಟ್ಟರೂ 256 ಬಿಟ್, ಅಂದರೆ 64 ಹೆಕ್ಸ್ ಅಂಕಿಗಳ ಒಂದು ಸಹಿ ಕೊಡುತ್ತೆ. ಫೋನ್‌ನಲ್ಲಿ ಮೊದಲ ಮತ್ತು ಕೊನೆಯ ಎಂಟು ಅಂಕಿ ಓದಿ ಹೇಳಿದರೂ ಆಕಸ್ಮಿಕ ವ್ಯತ್ಯಾಸ ಸಿಕ್ಕಿಬೀಳುತ್ತೆ.

ಹ್ಯಾಶ್ ಬೇರೆ ಬಂದರೆ ಫೈಲ್ ಖಂಡಿತ ಬೇರೆ. ಹ್ಯಾಶ್ ಒಂದೇ ಬಂದರೆ? ಹಳೆಯ ಎಸ್‌ಎಚ್‌ಎ-1ರಲ್ಲಿ ಒಂದೇ ಹ್ಯಾಶ್ ಇರುವ ಎರಡು ಬೇರೆ ಪಿಡಿಎಫ್‌ಗಳನ್ನು 2017ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಸಿಡಬ್ಲ್ಯುಐ ಸಂಸ್ಥೆ ಮತ್ತು ಗೂಗಲ್‌ನ ಸಂಶೋಧಕರು ಮಾಡಿ ತೋರಿಸಿದರು. ಎಂಡಿ5 ಅದಕ್ಕೂ ಮೊದಲೇ, 2004ರಲ್ಲೇ ಮುರಿದಿತ್ತು. ಅವೆಲ್ಲ ಬೇಕಂತಲೇ ಮಾಡಿದ್ದು, ಕಾಪಿ ಮಾಡುವಾಗ ತಾನಾಗಿ ಆಗೋದಲ್ಲ. ಆದರೂ ಈಗ ಆರಿಸಿಕೊಳ್ಳೋದಾದರೆ ಎಸ್‌ಎಚ್‌ಎ-256 ಇರಲಿ.

ಹಾಗಾದ್ರೆ ಏನು ಮಾಡೋಣ?

- ಹೋಲಿಸುವ ಮೊದಲು ಟೂಲ್‌ನ ಸೆಟ್ಟಿಂಗ್ ನೋಡಿ. ಅದು ಮೇಲಿನ ನಾಲ್ಕರಲ್ಲಿ ಯಾವ ಹಂತ ನೋಡ್ತಿದೆ?
- ದಿನನಿತ್ಯದ ಬ್ಯಾಕಪ್‌ಗೆ ಗಾತ್ರ ಮತ್ತು ಸಮಯ ಸಾಕು, ಎರಡು ಸೆಕೆಂಡ್ ವಿನಾಯಿತಿ ಕೊಡಿ.
- ಡಿಲೀಟ್ ಮಾಡುವ ಮೊದಲು ಮಾತ್ರ ಯಾವಾಗಲೂ ಒಳಗಿನ ವಿಷಯ ಹೋಲಿಸಿ. ಹೊತ್ತು ಹಿಡಿದರೂ ಪರವಾಗಿಲ್ಲ.
- ‘ಹೊಸದು ಗೆಲ್ಲಲಿ’ ಅಥವಾ ‘ಮಿರರ್’ ಆಯ್ಕೆ ಇದ್ದರೆ ಮೊದಲು ಪ್ರಿವ್ಯೂ ನೋಡಿ. ಮಿರರ್ ಅಂದ್ರೆ ಮೂಲದಲ್ಲಿ ಇಲ್ಲದ್ದನ್ನು ಆ ಕಡೆ ಅಳಿಸಿಹಾಕುತ್ತೆ.
- ಲ್ಯಾಬ್ ಸಿಸ್ಟಮ್‌ನಲ್ಲಿ ಕೂತ ತಕ್ಷಣ ಗಡಿಯಾರ ಮತ್ತು ಟೈಮ್‌ಝೋನ್ ನೋಡಿ. ಹತ್ತು ಸೆಕೆಂಡ್ ಕೆಲಸ.
- ಕೋಡ್‌ಗೆ ಪೆನ್‌ಡ್ರೈವ್ ಸಿಂಕ್ ಬೇಡ, ಗಿಟ್ ಬಳಸಿ. ಗಿಟ್ ದಿನಾಂಕ ನಂಬಿ ಯಾವುದು ಹೊಸದು ಅಂತ ನಿರ್ಧರಿಸಲ್ಲ, ವಿಷಯ ಮತ್ತು ಕಮಿಟ್‌ಗಳ ಸರಪಳಿ ನೋಡುತ್ತೆ.
- ಕನ್ನಡ ಹೆಸರಿನ ಫೈಲ್ ಒಂದು ಕಡೆ ‘ಇಲ್ಲ’ ಅಂತ ಬಂದರೆ, ಪೈಥಾನ್‌ನ ಯೂನಿಕೋಡ್‌ಡೇಟಾ ಮಾಡ್ಯೂಲ್‌ನಿಂದ ಎರಡೂ ಹೆಸರನ್ನು ಒಂದೇ ರೂಪಕ್ಕೆ ತಂದು ನೋಡಿ.

ನೀವೇ ಮಾಡಿ ನೋಡಿ

1. ‘ಕೋ’ ಅಕ್ಷರ ಕೂಡಿಸಿ ಬರೆದಾಗ ಎಷ್ಟು ಬೈಟ್, ಬಿಡಿಸಿ ಬರೆದಾಗ ಎಷ್ಟು? ಕಾಗದದ ಮೇಲೆ ಲೆಕ್ಕ ಹಾಕಿ, ಆಮೇಲೆ ಪೈಥಾನ್‌ನಲ್ಲಿ ತಾಳೆ ನೋಡಿ. ಉತ್ತರ 6 ಮತ್ತು 12 ಬಂದರೆ ಪಾಠ ಅರ್ಥವಾಗಿದೆ.
2. 5,000,000 ಬೈಟ್‌ನ ಫೈಲನ್ನು ಮ್ಯಾಕ್ 5 ಎಂಬಿ ಅನ್ನುತ್ತೆ, ವಿಂಡೋಸ್ ಸುಮಾರು 4.77 ಎಂಬಿ ಅನ್ನುತ್ತೆ. ಫೈಲ್ ಚಿಕ್ಕದಾಯಿತಾ? ಸುಳಿವು: ಒಬ್ಬರು 1000ದಿಂದ ಭಾಗಿಸ್ತಾರೆ, ಇನ್ನೊಬ್ಬರು 1024ರಿಂದ.
3. ಒಂದು ಡಾಕ್ಸ್ ಫೈಲ್ ಕಾಪಿ ಮಾಡಿ, ಕಾಪಿಯಲ್ಲಿ ಒಂದು ಅಕ್ಷರ ಹಾಕಿ, ಅಳಿಸಿ, ಸೇವ್ ಮಾಡಿ. ಎರಡರ ಹ್ಯಾಶ್ ತೆಗೆದು ನೋಡಿ. ಬೇರೆ ಬಂದರೆ ಎರಡನ್ನೂ ಜಿಪ್ ತರಹ ತೆರೆದು ಒಳಗೆ ಯಾವ ಫೈಲ್ ಬದಲಾಗಿದೆ ಅಂತ ಹುಡುಕಿ.

ಮುಂದಿನ ಸಲ ಎರಡು ಟೂಲ್ ಎರಡು ಮಾತು ಹೇಳಿದಾಗ ಯಾವುದು ಸುಳ್ಳು ಅಂತ ಹುಡುಕುವ ಮೊದಲು, ‘ನೀನು ಏನನ್ನು ಹೋಲಿಸಿದೆ?’ ಅಂತ ಎರಡನ್ನೂ ಕೇಳೋಣ. ಉತ್ತರ ಸಿಗುವ ತನಕ ಯಾವ ಫೋಲ್ಡರನ್ನೂ ಡಿಲೀಟ್ ಮಾಡೋದು ಬೇಡ.